ತಪ್ಪು ಹುಡುಕುವವಳು

ಹಳೆಯ ಅಂಗಿ ಹಾಕಿಕೊಳ್ಳುವುದೋ ಹೊಸದೋ ಎಂಬ ಇಷ್ಟೇ ಇಷ್ಟು ವಿಷಯಕ್ಕೆ ಯಾನಿನಾ ಬೆಳಗಿನಿಂದ ಕನ್ನಡಿಯ ಮುಂದೆ ಒದ್ದಾಡುತ್ತಿದ್ದಳು. ಹಳೆಯದನ್ನು ಹಾಕಿಕೊಂಡರೆ ಪಾಸಾಗಿಯೇ ಬಿಟ್ಟೆ ಎಂದು ಊರಿಗೆಲ್ಲ ಸಾರಿದಂತೆ. ಹೊಸದನ್ನು ಹಾಕಿಕೊಂಡರೆ ಸಂಜೆಗೆ ಅದರ ಗತಿ ದೇವರೇ ಬಲ್ಲ. ಪದವಿಯ ಕೊನೆಯ ಪರೀಕ್ಷೆ ಮುಗಿಸಿ ಹೊರಗೆ ಕಾಲಿಟ್ಟವರನ್ನು ಇಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಗೆಳೆಯರು, ಮನೆಯವರು ಬಾಗಿಲಲ್ಲೇ ಕಾದಿದ್ದು ಮೊಟ್ಟೆ ಹೊಡೆಯುತ್ತಾರೆ, ಮೈದಾ ಸುರಿಯುತ್ತಾರೆ, ಅಡುಗೆಮನೆಯಲ್ಲಿ ಸಿಕ್ಕಿದ ಸಾಸು, ವಿನೆಗರು ಎಲ್ಲವನ್ನೂ ತಲೆಗೆ ಹೊಯ್ದು, ಅಂಗಿಗೆ ಕತ್ತರಿ ಹಾಕಿ, ಹಾಗೇ ಬೀದಿಯಲ್ಲಿ ಮೆರವಣಿಗೆ ಮಾಡಿಸುತ್ತಾರೆ. ಅಷ್ಟು ಗಲೀಜಾಗದೆ ಯಾರಿಗೂ ಪದವಿ ಬಂದಂತೆ ಅನಿಸುವುದಿಲ್ಲ. ವರ್ಷಗಟ್ಟಲೆ ಬೇರೆಯವರ ತಲೆಗೆ ಹೊಡೆದವಳು ಅವಳು, ಗುರಿ ತಪ್ಪಿದ್ದೇ ಇಲ್ಲ. ಕೊನೆಗೆ ಗುಂಡಿ ಕಿತ್ತುಹೋದ ನೀಲಿ ಅಂಗಿಯನ್ನೇ ಹಾಕಿಕೊಂಡು, ಅದು ಯಾರಿಗೂ ಕಾಣದ ಹಾಗೆ ಮೇಲೊಂದು ಜಾಕೆಟ್ ತೊಟ್ಟಳು. ಫೆಬ್ರವರಿಯ ಸುಡುಬಿಸಿಲಲ್ಲಿ ಕತ್ತಿನವರೆಗೆ ಜಾಕೆಟ್ ಎಳೆದುಕೊಂಡು ಬಸ್ಸಿನಲ್ಲಿ ಕೂತವಳನ್ನು ಪಕ್ಕದ ಮುದುಕ, "ಜ್ವರವೇನಮ್ಮಾ?" ಎಂದು ಕೇಳಿದ. ಹೌದು ಎಂದಳು. ಅವನು ಎದ್ದು ಬೇರೆ ಸೀಟಿಗೆ ಹೋದ.

ಮೂರು ಕ್ರೆಡಿಟ್. ಪದವಿಗೆ ಉಳಿದದ್ದು ಅಷ್ಟೇ, ಒಂದು ಐಚ್ಛಿಕ ವಿಷಯ. ಅದನ್ನು ಅರ್ಧ ವರ್ಷ ಸಂಜೆ ತರಗತಿಗಳಲ್ಲಿ ಕೂತು ಗಳಿಸಬಹುದಿತ್ತು, ಆದರೆ ಸಂಜೆಗಳೆಲ್ಲ ಪ್ರಯೋಗಾಲಯದ ಸಹಾಯಕಿಯ ಕೆಲಸಕ್ಕೆ ಹೋಗುತ್ತಿದ್ದವು. ಹಾಗಾಗಿ ಬೇಸಿಗೆ ಶಾಲೆ. ಊರಿಗೆ ಊರೇ ನದಿಯ ದಂಡೆಗೆ ಹೋಗಿ ಬಿದ್ದುಕೊಂಡಿರುವ ಹೊತ್ತಿಗೆ ಖಾಲಿ ವಿಶ್ವವಿದ್ಯಾಲಯಕ್ಕೆ ದೂರದ ದೇಶಗಳಿಂದ ಪ್ರೊಫೆಸರುಗಳು ಬಂದಿಳಿಯುತ್ತಾರೆ. ಸೋಮವಾರ ಪಾಠ ಶುರು, ಶುಕ್ರವಾರ ಮೌಖಿಕ ಪರೀಕ್ಷೆ, ಶನಿವಾರ ವಿಮಾನ. ನೆರೆಯ ಬೊಲಿವಿಯಾ, ಪರಾಗ್ವೆಯ ಹುಡುಗರು ರಾತ್ರಿ ಬಸ್ಸುಗಳಲ್ಲಿ ಬಂದು ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿ ಓದುತ್ತಾರೆ. ಪಾಸಾದರೆ ಒಂದು ವಾರಕ್ಕೆ ಅರ್ಧ ವರ್ಷದ ಕ್ರೆಡಿಟ್. ಮಾರ್ಚಿನೊಳಗೆ ಪದವಿ ಇಲ್ಲದಿದ್ದರೆ ಪ್ರಯೋಗಾಲಯದ ಕೆಲಸವನ್ನು ಪದವಿ ಇದ್ದವರಿಗೆ ಕೊಡಬೇಕಾಗುತ್ತದೆ ಎಂದು ವಿಭಾಗದಲ್ಲಿ ಅವಳಿಗೆ ಎರಡು ಸಲ ಹೇಳಿದ್ದರು, ಎರಡನೆಯ ಸಲ ನಗದೆ. ಮೂವತ್ತು ದಾಟಿದ ವಯಸ್ಸು. ಇನ್ನೂ ಓದ್ತಾ ಇದ್ದೀಯಾ ಎಂದು ಬ್ರೆಡ್ಡಿನ ಅಂಗಡಿಯವನೂ ಕೇಳುವ ವಯಸ್ಸು. ಈ ವಾರದ ನಂತರ ಅವನಿಗೆ ಏನು ಹೇಳಬೇಕು ಎಂಬುದನ್ನು ಅವಳು ಆಗಲೇ ಮನಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದಳು.

ಅವಳ ಸಹಪಾಠಿ ನಸರೇನೊನಿಗೂ ಮೂರೇ ಕ್ರೆಡಿಟ್ ಉಳಿದಿತ್ತು. ಅವನಿಗೆ ಯಾವುದೋ ಕಂಪನಿಯ ಕೆಲಸವಿತ್ತು, ಬಿಟ್ಟ, ಇನ್ನೊಂದಿತ್ತು, ಅದನ್ನೂ ಬಿಟ್ಟ; ಹಾಗೆ ತಡವಾಗಿತ್ತು. ಮೊದಲ ವರ್ಷ ಇಬ್ಬಿಬ್ಬರ ಗುಂಪು ಮಾಡಿಕೊಳ್ಳಿ ಎಂದಾಗ ತರಗತಿಯಲ್ಲಿ ಎಲ್ಲರಿಗೂ ಜೋಡಿ ಸಿಕ್ಕಿ ಇವಳೊಬ್ಬಳು ಉಳಿದಿದ್ದಳು. ತಡವಾಗಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಅವನನ್ನು ಮೇಷ್ಟರು ಕೈ ತೋರಿಸಿ ಇವಳ ಪಕ್ಕ ಕೂರಿಸಿದ್ದರು. ಅಂದಿನಿಂದ ಇವತ್ತಿನವರೆಗೆ ಗುಂಪು ಬದಲಾಗಿಲ್ಲ. ಅವರ ಕೆಲಸದ ರೀತಿ ತಾನಾಗಿಯೇ ಆದದ್ದು, ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಅವನು ಕಟ್ಟುತ್ತಾನೆ, ಅವಳು ಒಡೆಯುತ್ತಾಳೆ. ಅವನು ಒಂದೇ ಉಸಿರಿಗೆ ಪ್ರೋಗ್ರಾಂ ಬರೆದು ಕೊಡುತ್ತಾನೆ, ನೋಡಿದರೆ ಕಣ್ಣಿಗೆ ಹಬ್ಬ. ಅವಳು ಅದನ್ನು ಮನೆಗೆ ಒಯ್ದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಸಾಲು ಸಾಲು ನೋಡಿ, ಎಲ್ಲಿ ಮುರಿಯುತ್ತದೆ ಎಂದು ಕಂಡುಹಿಡಿದು ಹೇಳುತ್ತಾಳೆ. ಅವನು ಬೈದುಕೊಂಡು ಸರಿಮಾಡುತ್ತಾನೆ. ಮತ್ತೆ ಅವಳು ಮುರಿಯುತ್ತಾಳೆ. ಮುರಿಯುವುದಕ್ಕೆ ಏನೂ ಉಳಿಯದಾಗ ಇಬ್ಬರೂ ಹೆಸರು ಹಾಕಿ ಒಪ್ಪಿಸುತ್ತಾರೆ. ಒಂದೇ ಒಂದು ನಿಯಮವಿತ್ತು: ತಪ್ಪನ್ನು ಅವನೊಬ್ಬನಿಗೇ ಹೇಳಬೇಕು. ಮೊದಲ ವರ್ಷ ಒಮ್ಮೆ ತುಂಬಿದ ತರಗತಿಯಲ್ಲಿ, "ಇಲ್ಲಿ ತಪ್ಪಿದೆ ಕಣೋ" ಎಂದಿದ್ದಕ್ಕೆ ಅವನು ವಾರಗಟ್ಟಲೆ ಮಾತು ಬಿಟ್ಟಿದ್ದ. ಆಮೇಲೆ ಅವಳು ಹಾಗೆ ಮಾಡಿಲ್ಲ. ಬಸ್ಸು ಊರು ದಾಟಿ ಸೋಯಾ ಹೊಲಗಳ ನಡುವೆ ಓಡುತ್ತಿದ್ದಾಗ ಅವಳಿಗೆ ಇದೆಲ್ಲ ನೆನಪಾಗಿ ಸುಮ್ಮನೆ ಖುಷಿಯಾಯಿತು, ಇವತ್ತು ಇಬ್ಬರೂ ಒಟ್ಟಿಗೆ ಗಲೀಜಾಗುತ್ತೇವಲ್ಲ ಎಂದು.

ಅಷ್ಟರಲ್ಲಿ ಅಮ್ಮನ ಫೋನು. ಅಮ್ಮ ದೂರದ ಹಳ್ಳಿಯಿಂದ ಚಿಕ್ಕಮ್ಮನ ಜೊತೆ ಬಸ್ಸು ಹತ್ತಿದ್ದಳು. "ಮೊಟ್ಟೆ ತಗೊಂಡಿದ್ದೀನಿ ಕಣೇ. ಅಂಗಡೀದು. ನಮ್ಮ ಕೋಳಿ ಮೊಟ್ಟೇನ ನಿನ್ನ ತಲೆಗ್ಯಾಕೆ ಹಾಕ್ಲಿ, ಏನು ಪಾಪ ಮಾಡಿದಾವೆ ಅವು?"

"ಅಮ್ಮಾ, ಇನ್ನೂ ಪರೀಕ್ಷೆ ಆಗಿಲ್ಲ."

"ಆಗತ್ತೆ ಬಿಡೇ. ಆ ಹುಡುಗ ಇದ್ದಾನಲ್ಲ ಜೊತೆಗೆ. ಅವನಿಗೂ ಸೇರ್ಸೇ ತಂದಿದ್ದೀನಿ."

ಆ ಹುಡುಗ ಇದ್ದಾನಲ್ಲ ಎಂಬ ಮಾತು ಅವಳಿಗೆ ಚುಚ್ಚಿತು. ಮನೆಯಲ್ಲಿ ಎಲ್ಲರಿಗೂ ಹಾಗೇ ತೋರಿತ್ತು, ನಸರೇನೊ ಇರುವುದರಿಂದ ಇವಳ ಓದು ಇಲ್ಲಿಯವರೆಗೆ ಬಂತು ಎಂದು. ಅವನು ಹಳ್ಳಿಗೆ ಬಂದಾಗ ಅಮ್ಮ ಮಾಂಸದ ಒಳ್ಳೆಯ ತುಂಡನ್ನು ಅವನ ತಟ್ಟೆಗೆ ಹಾಕುತ್ತಿದ್ದಳು, ನಮ್ಮ ಮಗಳನ್ನು ದಡ ಮುಟ್ಟಿಸಪ್ಪಾ ಎಂಬಂತೆ. ಅವನು ನಗುತ್ತಿದ್ದ. ಹಾಗಲ್ಲ ಅಮ್ಮಾ ಎಂದು ಒಮ್ಮೆಯಾದರೂ ಅವನು ಹೇಳಬಹುದಿತ್ತು. ಆದರೆ ಯಾನಿನಾಳೂ ಹೇಳಿರಲಿಲ್ಲ. ತಾನು ಮಾಡುವ ಕೆಲಸವನ್ನು ಹೇಗೆ ಹೇಳಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ. ಇಲ್ಲದ ಹಾಗೆ ಮಾಡಿದ ಒಂದು ತಪ್ಪನ್ನು ಅಮ್ಮನಿಗೆ ಎಲ್ಲಿಂದ ತಂದು ತೋರಿಸುವುದು?

ಅಂಗಳದ ಮರದ ನೆರಳಲ್ಲಿ ನಸರೇನೊ ಪ್ರೊಫೆಸರ್ ಜೊತೆ ನಿಂತಿದ್ದ. ಡಾ. ರಾದ್ಕಾ ಬೆನೆಶೊವಾ, ಪ್ರಾಗಿನಿಂದ ಬಂದವರು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಅವನು ಅವರಿಗೆ ಸೋರೆಬುರುಡೆಯಲ್ಲಿ ಮಾಟೆ ಎಂಬ ಎಲೆಗಳ ಕಷಾಯ ಕುಡಿಯುವುದನ್ನು ಕಲಿಸುತ್ತಿದ್ದ. ಅವರು ಕಹಿಗೆ ಮುಖ ಕಿವುಚಿ, ಕೊಳವೆಯ ತುದಿಯನ್ನು ಕರವಸ್ತ್ರದಿಂದ ಒರೆಸಿದರು. ಒಂದೇ ಕೊಳವೆಯಲ್ಲಿ ಎಲ್ಲರೂ ಸರದಿಯಂತೆ ಕುಡಿಯುವ ಇಲ್ಲಿ ಯಾರಾದರೂ ಹಾಗೆ ಒರೆಸಿದ್ದರೆ ಜಗಳವೇ ಆಗಿಬಿಡುತ್ತಿತ್ತು, ಅವನು ಮಾತ್ರ ನಕ್ಕ. ಅವನು ಬಿಳಿಯ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ.

"ಏನೇ ಸಣಕಲಿ, ಜಾಕೆಟ್ಟು? ಒಳಗೇನು ಕೋಳಿ ಬಚ್ಚಿಟ್ಕೊಂಡಿದ್ದೀಯಾ?"

"ನೀನ್ಯಾಕೋ ಮದುಮಗನ ಥರ ಬಂದಿದ್ದೀಯ? ಸಂಜೆಗೆ ಆ ಅಂಗಿ ಕತೆ ಮುಗೀತು."

"ಮುಗೀಲಿ ಬಿಡು. ಇವತ್ತೊಂದಿನ."

ಅವನು ಬುರುಡೆಗೆ ಬಿಸಿನೀರು ಹೊಯ್ದು ತಾನು ಕುಡಿದ, ಮತ್ತೆ ಹೊಯ್ದು ಪ್ರೊಫೆಸರಿಗೆ ಕೊಟ್ಟ, ಮತ್ತೆ ಹೊಯ್ದು ತಾನು ಕುಡಿದ. ಯಾನಿನಾ ಅರ್ಧ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೂದಲು ಸರಿಮಾಡಿಕೊಂಡಳು. ಸುತ್ತಿನಲ್ಲಿ ನಿಂತವರ ಸರದಿ ಬಿಡುವುದು ಮರೆವಿನಿಂದ ಆಗುವಂಥದ್ದಲ್ಲ; ಹುಡುಗನಾಗಿದ್ದಾಗಿನಿಂದ ಕೈಗೆ ಅಭ್ಯಾಸವಾದ ಕೆಲಸ ಅದು. ಆದರೂ ಅವಳು ಮರೆತ ಎಂದುಕೊಂಡಳು. ಪರೀಕ್ಷೆಯ ದಿನ, ತಲೆ ಎಲ್ಲಿರುತ್ತದೋ. ಪ್ರೊಫೆಸರ್ ಒಳಗೆ ಹೋದ ಮೇಲೆ ಅವನು ದನಿ ತಗ್ಗಿಸಿ, "ಅವ್ರ ಹತ್ರ ಒಂದು ಜಾಗ ಇದ್ಯಂತೆ ಕಣೇ, ಡಾಕ್ಟರೇಟಿಗೆ" ಎಂದ.

"ಒಂದಾ?"

"ಒಂದೇ. ನಿನ್ನೆ ಊಟದಲ್ಲಿ ಹೇಳಿದ್ರು."

"ಊಟ ಇತ್ತಾ ನಿನ್ನೆ?"

"ಇತ್ತು ಅಂದ್ರೆ... ಅಲ್ಲೇ ಇದ್ದವರು ಹೋದ್ವಿ. ಮಾಂಸ ಸುಟ್ಟಿದ್ರು. ನೀನು ಮನೇಲಿದ್ಯಲ್ಲ."

ಮನೆಯಲ್ಲಿದ್ದಳು, ನಿಜ. ಬೆಳಗ್ಗೆ ಅವನು ಕೊಟ್ಟ ಕೊನೆಯ ಪ್ರತಿಯನ್ನು ಇಟ್ಟುಕೊಂಡು, ಫ್ಯಾನಿನ ಕೆಳಗೆ, ಒಂದು ಸೇಬು ತಿಂದುಕೊಂಡು, ಅದನ್ನು ಮುರಿಯುತ್ತಿದ್ದಳು. ಎರಡು ಕಡೆ ಮುರಿದಿತ್ತು. ಫೋನು ಮಾಡಿ ಹೇಳಿದಾಗ ಹಿಂದೆ ಗದ್ದಲ ಕೇಳಿಸಿತ್ತು, ಯಾರೋ ಗಿಟಾರು ಬಾರಿಸುತ್ತಿದ್ದರು; ಟೀವಿ ಇರಬೇಕು ಎಂದುಕೊಂಡಿದ್ದಳು. ಅವನು, "ಸಿಕ್ತಾ? ದೇವತೆ ಕಣೇ ನೀನು, ಈಗಲೇ ಸರಿಮಾಡ್ತೀನಿ" ಎಂದಿದ್ದ. ದೇವತೆ ಎಂದದ್ದು ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿ ಹೇಳಿದ್ದ ಎಂದು ಅವಳಿಗೆ ಈಗ ನೆನಪಾಯಿತು. ನನಗೂ ಹೇಳಬಹುದಿತ್ತಲ್ಲೋ ಎಂದು ಕೇಳಲು ಬಾಯಿ ತೆರೆದವಳು, ಊಟಕ್ಕೆ ಕರೆಯಲಿಲ್ಲ ಎಂದು ಈ ವಯಸ್ಸಿನಲ್ಲಿ ಅಳುವುದೇ ಎಂದು ನಾಚಿ ಮುಚ್ಚಿದಳು.

ಪರೀಕ್ಷೆಯ ಕೋಣೆಯಲ್ಲಿ ಪರದೆ ಎಳೆದು ಫ್ಯಾನು ಹಾಕಿದ್ದರು. ಪ್ರೊಫೆಸರ್ ಕೊಟ್ಟಿದ್ದ ಸಮಸ್ಯೆ ಸುಲಭವಾಗಿ ಹೇಳುವಂಥದ್ದು: ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆ, ಎರಡೂ ಕಡೆಯಿಂದ ಗಾಡಿಗಳು. ಹತ್ತುವ ಮೊದಲು ಕೈ ಎತ್ತಬೇಕು. ಎದುರಿನವನ ಕೈ ಮೊದಲೇ ಮೇಲಿದ್ದರೆ ಕಾಯಬೇಕು. ನಡುವೆ ಇಬ್ಬರೂ ಎಂದೂ ಎದುರಾಗಬಾರದು, ಯಾರೂ ಕೊನೆಯಿಲ್ಲದೆ ಕಾಯುತ್ತ ನಿಲ್ಲಲೂಬಾರದು. ಅದನ್ನು ಪ್ರೋಗ್ರಾಂ ಮಾಡಿ, ಹಾಗಾಗುವುದಿಲ್ಲ ಎಂದು ಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸಬೇಕು. ಮಾತೆಲ್ಲ ಇಂಗ್ಲಿಷಿನಲ್ಲಿ. ಯಾನಿನಾಳಿಗೆ ಓದಿದರೆ, ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಆಡಲು ಹೋದರೆ ನಾಲಿಗೆ ಏಳುವುದಿಲ್ಲ. ವಾರವಿಡೀ ಅವಳ ಪರವಾಗಿ ನಸರೇನೊನೇ ಮಾತಾಡಿದ್ದ. ಇವತ್ತೂ ಅವನೇ ಬೋರ್ಡಿನ ಮೇಲೆ ಬರೆದು ವಿವರಿಸಿದ. ಚೆನ್ನಾಗಿ ಹೇಳಿದ, ನಡುವೆ ಒಂದು ತಮಾಷೆ ಮಾಡಿ ಅವರನ್ನು ನಗಿಸಿದ. ಅವನು ಹೇಳುವುದನ್ನು ಕೇಳುತ್ತ ಅವಳಿಗೆ ಹೆಮ್ಮೆಯಾಯಿತು. ಇದನ್ನು ಸುಳ್ಳೆಂದು ಆಮೇಲೆ ಎಷ್ಟು ಸಲ ಅಂದುಕೊಂಡರೂ, ಆ ಗಳಿಗೆಯಲ್ಲಿ ಆದದ್ದು ಹೆಮ್ಮೆಯೇ.

ಅವನು ಮುಗಿಸಿದ ಮೇಲೆ ಪ್ರೊಫೆಸರ್ ಹಾಳೆಗಳನ್ನು ತಿರುವುತ್ತ ಕೇಳಿದರು. "ಈ ಭಾಗವನ್ನು ಬರೆದವರು ಯಾರು?"

"ನಾನು," ಎಂದ ಅವನು.

"ಇದು ಎಲ್ಲೂ ತಪ್ಪುವುದಿಲ್ಲ ಎಂಬ ಈ ಸಾಧನೆ? ತುಂಬ ಎಚ್ಚರಿಕೆಯಿಂದ ಮಾಡಿದ್ದೀರಿ. ಸಾಮಾನ್ಯವಾಗಿ ಎಲ್ಲರೂ ಎಡವುವ ಜಾಗ ಇದು."

ಅದು ಬುಧವಾರ ಅವಳು ಮುರಿದ ಜಾಗ. ಮೂರು ಸಲ ಮುರಿದು, ಮೂರು ಸಲ ಅವನನ್ನು ಎಬ್ಬಿಸಿ ಕೂರಿಸಿ ಬರೆಸಿದ ಜಾಗ. ಸಾಕು ಬಿಡೇ ತಾಯಿ, ಯಾರೂ ಅಷ್ಟು ನೋಡಲ್ಲ ಎಂದು ಅವನು ಕೈಮುಗಿದಿದ್ದ.

"ಅದೂ ನಾನೇ," ಎಂದ ನಸರೇನೊ.

"ಹಾಗಾದರೆ ಇವರು?"

ಅವರು ಕೇಳಿದ್ದರಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದು. ನಸರೇನೊ ಒಂದು ಗಳಿಗೆ ಬೋರ್ಡಿನ ಕಡೆ ನೋಡಿದ. ಅವನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು: ಇದರಲ್ಲಿ ತಪ್ಪಿಲ್ಲದಿದ್ದರೆ ಅದು ಇವಳಿಂದ. ಅಷ್ಟನ್ನು ಹೇಳಿದರೆ ಅವನಿಗೆ ಹೋಗುವುದು ಏನಿತ್ತು? ಇತ್ತು, ಜಾಗ ಒಂದೇ ಇತ್ತು, ಕಟ್ಟುವುದನ್ನೂ ಒಡೆಯುವುದನ್ನೂ ಒಬ್ಬನೇ ಬಲ್ಲವನಿಗೆ ಅದು ಸಿಗಬೇಕಿತ್ತು. ಯಾನಿನಾಳಿಗೆ ಇದು ಹೊಳೆದದ್ದು ಅವನು ಬಾಯಿ ತೆರೆಯುವ ಮೊದಲೇ. ಅವನ ಪ್ರೋಗ್ರಾಂ ಎಲ್ಲಿ ಮುರಿಯುತ್ತದೆ ಎಂದು ಮೊದಲೇ ಗೊತ್ತಾಗುತ್ತಿದ್ದ ಹಾಗೆ ಇದೂ ಗೊತ್ತಾಯಿತು.

"ಅವಳು ಜೊತೆಗಿದ್ದಳು," ಎಂದ ಅವನು. "ನನಗೆ ತುಂಬ ಧೈರ್ಯ ಕೊಟ್ಟಳು."

ಆಮೇಲೆ ಇವಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ, ಸಹಜ ದನಿಯಲ್ಲಿ, "ಯಾರು ಯಾವ ಭಾಗ ಮಾಡಿದ್ದು ಅಂತ ಕೇಳಿದ್ರು. ಹೇಳ್ದೆ" ಎಂದ. ಅವಳಿಗೆ ಅರ್ಥವಾಗಿದೆ ಎಂದು ಅವನಿಗೆ ಗೊತ್ತಿತ್ತು. ಅವಳಿಗೆ ಇಂಗ್ಲಿಷ್ ಎಷ್ಟು ತಿಳಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ಅರ್ಥವಾಗದವಳಿಗೆ ಹೇಳುವಂತೆ ಹೇಳಿದ, ಇಬ್ಬರೂ ಸೇರಿ ಆಡುವ ಒಂದು ಆಟಕ್ಕೆ ಅವಳನ್ನೂ ಕರೆಯುವಂತೆ. ಅವಳು ತಲೆಯಾಡಿಸಿಬಿಟ್ಟಳು! ಯಾಕೆ ಆಡಿಸಿದೆ ಎಂದು ಕುತ್ತಿಗೆಯನ್ನೇ ಮುರಿದುಕೊಳ್ಳುವಷ್ಟು ಸಿಟ್ಟು ಬಂದದ್ದು ಆಮೇಲೆ.

ಪ್ರೊಫೆಸರ್ ಅವಳಿಗೆ ಅರ್ಥವಾಗಲೆಂದು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. "ನೀವು ಬರೆದದ್ದು ಏನಾದರೂ ತೋರಿಸಿ. ಒಂದೇ ಸಾಲು ಆದರೂ ಸಾಕು. ಅದರ ಬಗ್ಗೆ ಮಾತಾಡೋಣ."

ಹಾಳೆಗಳನ್ನು ಅವಳ ಮುಂದೆ ಹರಡಿದರು. ಅವಳು ನೋಡಿದಳು. ಪ್ರತಿ ಸಾಲಿನ ಕೆಳಗೆ ಏನಿತ್ತೆಂದು ಅವಳಿಗೆ ಗೊತ್ತಿತ್ತು: ಇಲ್ಲೊಂದು ತೂತಿತ್ತು, ಅದನ್ನು ಮಂಗಳವಾರ ಮುಚ್ಚಿದ್ದು; ಇಲ್ಲಿ ಎರಡೂ ಗಾಡಿ ಡಿಕ್ಕಿ ಹೊಡೆಯುತ್ತಿದ್ದವು; ಇಲ್ಲಿ ಎಣಿಕೆ ಒಂದು ಹೆಚ್ಚಾಗುತ್ತಿತ್ತು. ಎಲ್ಲ ಮುಚ್ಚಿಹೋಗಿತ್ತು, ನುಣ್ಣಗೆ, ಅವನ ಕೈಯಲ್ಲಿ. ಅವಳ ಸಾಲು ಎಂದು ಒಂದೂ ಇರಲಿಲ್ಲ. ಅವಳು ನಸರೇನೊನನ್ನು ನೋಡಿ, "ನೀನೇ ಹೇಳೋ. ನಾವು ಹೇಗೆ ಕೆಲ್ಸ ಮಾಡ್ತೀವಿ ಅಂತ ಹೇಳು" ಎಂದಳು. ಅದು ಬೇಡುವವರ ದನಿ.

ಅವನು ಪ್ರೊಫೆಸರಿಗೆ ಹೇಳಿದ: "ಅವಳಿಗೆ ಗಾಬರಿಯಾಗಿದೆ. ಸ್ವಲ್ಪ ಸಮಯ ಕೊಡಿ ಎನ್ನುತ್ತಿದ್ದಾಳೆ."

ಕೊಟ್ಟರು. ಒಳ್ಳೆಯವರು, ಸೀಮೆಸುಣ್ಣದ ತುಂಡನ್ನೂ ಕೈಗೆ ಕೊಟ್ಟು, ಮಾತು ಬೇಡ, ಬರೆದು ತೋರಿಸಿ ಎಂಬಂತೆ ಬೋರ್ಡಿನ ಕಡೆ ಕೈಮಾಡಿದರು. ಯಾನಿನಾ ಬೋರ್ಡಿನ ಮುಂದೆ ನಿಂತಳು. ಜಾಕೆಟ್ಟಿನೊಳಗೆ ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಏನೂ ತೋಚದೆ, ಬೇರೆ ಏನೂ ಗೊತ್ತಿಲ್ಲದ ಕಾರಣಕ್ಕೆ, ಅವನು ಬರೆದದ್ದನ್ನು ಅವಳು ಎಂದಿನಂತೆ ಮೊದಲಿನಿಂದ ಓದತೊಡಗಿದಳು. ನಿನ್ನೆ ಅವಳು ಹೇಳಿದ ಎರಡು ತಪ್ಪನ್ನು ಅವನು ಗಿಟಾರಿನ ಗದ್ದಲದ ನಡುವೆಯೋ ಊಟ ಮುಗಿಸಿ ಬಂದೋ ಸರಿಮಾಡಿದ್ದ. ಸರಿಮಾಡುವಾಗ ಒಂದು ಸಾಲು ಕೆಳಗೆ ಜರುಗಿತ್ತು. ಗಾಡಿಯವನು ಕೈ ಎತ್ತಿ, ಆಮೇಲೆ ಮನಸ್ಸು ಬದಲಿಸಿ ತಿರುಗಿ ಹೋದರೆ, ಎತ್ತಿದ ಕೈ ಹಾಗೇ ಉಳಿಯುತ್ತಿತ್ತು. ಆ ಕಡೆ ಯಾರೂ ಇಲ್ಲ, ಕೈ ಮಾತ್ರ ಮೇಲಿದೆ. ಈ ಕಡೆಯವನು ಇದನ್ನು ನಂಬಿ ಕಾಯುತ್ತ ಕೂರುತ್ತಾನೆ, ಖಾಲಿ ಸೇತುವೆಯ ಮುಂದೆ, ಕೊನೆಯವರೆಗೆ. ಸಾಧನೆಯೆಲ್ಲ ಆ ಒಂದು ಸಾಲಿನ ಮೇಲೆ ನಿಂತಿತ್ತು. ಎಲ್ಲ ಬಿದ್ದುಹೋಗುತ್ತದೆ.

ಸುಣ್ಣದ ತುಂಡು ಅವಳ ಕೈಯಲ್ಲೇ ಇತ್ತು. ಅಲ್ಲಿ ಒಂದು ಗೆರೆ ಎಳೆದು ಬಾಣ ಹಾಕಿದರೆ ಸಾಕು, ಯಾವ ಭಾಷೆಯೂ ಬೇಡ, ಪ್ರೊಫೆಸರಿಗೆ ಆ ಕ್ಷಣವೇ ತಿಳಿಯುತ್ತಿತ್ತು, ಇವಳು ಯಾರು ಎಂದು. ಮೂರು ಕ್ರೆಡಿಟ್ ಅಲ್ಲಿಯೇ ಇತ್ತು, ಕೈಗೆಟುಕುವಷ್ಟು ಹತ್ತಿರ. ಅವನಿಗೆ ಸಿಗಲಿದ್ದ ಹತ್ತಕ್ಕೆ ಹತ್ತು ಅಂಕ, ಪ್ರಾಗಿನ ಜಾಗ, ಬಿಳಿಯ ಅಂಗಿ ಎಲ್ಲವೂ ಅಲ್ಲಿಯೇ ಇತ್ತು. ಅವಳು ತಿರುಗಿ ಅವನನ್ನು ನೋಡಿದಳು. ಅವನ ಮುಖದಲ್ಲಿ ಮೊದಲ ವರ್ಷದ ಆ ದಿನದ ಹೆದರಿಕೆ ಇತ್ತು, ಎಲ್ಲರ ಮುಂದೆ ಹೇಳಿಬಿಡುತ್ತಾಳೆ ಎಂಬ ಹೆದರಿಕೆ. ಇವನನ್ನು ಎಲ್ಲರ ಮುಂದೆ ಮುರಿಯುವುದು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಅವಳಿಗೆ ಅನಿಸಿತು. ಆಮೇಲೆ ಹೇಳಿದರಾಯಿತು, ಅವನೊಬ್ಬನಿಗೇ. ಅವಳು ಸುಣ್ಣದ ತುಂಡನ್ನು ಬೋರ್ಡಿನ ಕೆಳಗೆ ಇಟ್ಟು, ಕೈಗೆ ಅಂಟಿದ ಪುಡಿಯನ್ನು ಜಾಕೆಟ್ಟಿಗೆ ಒರೆಸಿಕೊಂಡು, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಆ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಆಡಿದ್ದು ಅದೊಂದೇ ಪದ.

ಫಲಿತಾಂಶ ಹೇಳಲು ಹೊರಗೆ ಬಂದವನು ಎಲಿಸೆಯೊ, ಈ ಬೇಸಿಗೆ ಶಾಲೆಯನ್ನು ನಡೆಸುವ ಇಲ್ಲಿನ ಮೇಷ್ಟರು. ನಸರೇನೊನನ್ನು ಮೊದಲು ಒಳಗೆ ಕರೆದು, ಬೆನ್ನು ತಟ್ಟಿ ಪಕ್ಕದ ಬಾಗಿಲಿನಿಂದ ಅಂಗಳಕ್ಕೆ ಕಳಿಸಿದ್ದರು. ಯಾನಿನಾಳನ್ನು ಎಲಿಸೆಯೊ ಕಾರಿಡಾರಿನ ಕಿಟಕಿಯ ಹತ್ತಿರ ಕರೆದುಕೊಂಡು ಹೋದ. "ಯಾನಿ, ನಿಂದು ಆಗ್ಲಿಲ್ಲ ಕಣಮ್ಮ. ಅವ್ರಿಗೂ ಬೇಜಾರಾಗಿದೆ. ನೀನು ಮಾಡಿದ್ದು ಏನಾದ್ರೂ ಒಂದು ಕಂಡಿದ್ರೆ ಪಾಸ್ ಮಾಡ್ತಿದ್ರು."

"ಅವನೇನಾದ್ರೂ ಹೇಳಿದ್ನಾ? ಒಳಗೆ, ಒಬ್ಬನೇ ಇದ್ದಾಗ?"

"ಕೇಳಿದ್ವಿ. ಅವನ ಹತ್ರ ಮತ್ತೆ ಕೇಳಿದ್ವಿ." ಎಲಿಸೆಯೊ ಕನ್ನಡಕ ತೆಗೆದು ಒರೆಸಿದ. "ಒಳ್ಳೆ ಹುಡುಗ ಕಣೇ ಅವನು. ನಿನ್ನ ಬಗ್ಗೆ ಕೆಟ್ಟದಾಗಿ ಒಂದು ಮಾತೂ ಆಡ್ಲಿಲ್ಲ. ಬಹಳ ಸಂಕಟದಲ್ಲಿದ್ದಳು, ಅಷ್ಟೇ ಅಂದ. ಮುಂದಿನ ಫೆಬ್ರವರಿಗೆ ಶಾಲೆ ಇದ್ದೇ ಇರತ್ತಲ್ಲ."

ಮುಂದಿನ ಫೆಬ್ರವರಿಯ ಹೊತ್ತಿಗೆ ಪ್ರಯೋಗಾಲಯದ ಬೀಗದ ಕೈ ಬೇರೆ ಯಾರದೋ ಜೇಬಿನಲ್ಲಿರುತ್ತದೆ ಎಂದು ಅವನಿಗೂ ಗೊತ್ತಿತ್ತು. ಅದನ್ನು ಹೇಳದಷ್ಟು ಸಭ್ಯನಾಗಿದ್ದ. ನಸರೇನೊನನ್ನು ಎರಡು ಸಲ ಕೇಳಿದರು. ಒಮ್ಮೆ ಅವಳ ಮುಂದೆ, ಒಮ್ಮೆ ಅವಳಿಲ್ಲದಾಗ. ಮೊದಲನೆಯದಕ್ಕೆ ಅವಳು ಒಂದು ನೆವ ಹುಡುಕಿಟ್ಟುಕೊಂಡಿದ್ದಳು, ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿದ ಎಂದು. ಎರಡನೆಯದಕ್ಕೆ ನೆವ ಸಿಗಲಿಲ್ಲ.

ಮುಂಬಾಗಿಲಿನಿಂದ ಹೊರಗೆ ಬಂದದ್ದು ಅವಳ ಮರವೆ. ಎಲ್ಲರೂ ಅಲ್ಲಿಯೇ ಕಾಯುತ್ತಿದ್ದರು. ಮೊದಲ ಮೊಟ್ಟೆ ಭುಜಕ್ಕೆ ಬಡಿಯಿತು, ಎರಡನೆಯದು ಹಣೆಗೆ. "ಬಂದ್ಳು! ಎಂಜಿನಿಯರಮ್ಮ ಬಂದ್ಳು!" ಎಂದು ಯಾರೋ ಕೂಗಿದರು, ಯಾರೋ ಡೋಲಿನ ಬದಲು ಬಕೆಟ್ಟು ಬಾರಿಸಿದರು. ಚಿಕ್ಕಮ್ಮ ಮೈದಾದ ಪೊಟ್ಟಣವನ್ನು ತಲೆಯ ಮೇಲೆ ಪೂರ್ತಿ ಮಗುಚಿದಳು. ಜಾಕೆಟ್ಟನ್ನು ಎಳೆದು ತೆಗೆದರು, ಕೆಳಗಿನ ನೀಲಿ ಅಂಗಿಯನ್ನು ನೋಡಿ, "ಕಳ್ಳಿ, ತಯಾರಾಗೇ ಬಂದಿದ್ದಾಳೆ ನೋಡ್ರೋ" ಎಂದು ಎಲ್ಲರೂ ನಕ್ಕು ಅದಕ್ಕೆ ಕತ್ತರಿ ಹಾಕಿದರು. ಅಂಗಳದ ಆಚೆ ತುದಿಯಲ್ಲಿ ನಸರೇನೊ ಆಗಲೇ ಬಿಳಿಯಾಗಿ ನಿಂತಿದ್ದ. ಅವನು ಓಡಿ ಬಂದು ಅವಳನ್ನು ತಬ್ಬಿಕೊಂಡ. ಎಲ್ಲರೂ ಹೋ ಎಂದರು. ಅವಳ ಕಿವಿಯಲ್ಲಿ ಅವನು, "ಈಗ ಹೇಳ್ಬೇಡ ಕಣೇ. ಇಷ್ಟು ದೂರದಿಂದ ಬಂದಿದ್ದಾರೆ. ನಾಳೆ ಹೇಳಿದ್ರಾಯ್ತು" ಎಂದ. ಅವನ ಕೆನ್ನೆ ಅವಳ ಕೆನ್ನೆಗೆ ಅಂಟಿಕೊಂಡು, ಬಿಡಿಸಿಕೊಳ್ಳುವಾಗ ಲೊಳೆ ಎಳೆಯಾಗಿ ಬಂತು. ಅವಳು ತನ್ನದಲ್ಲದ ಹಬ್ಬಕ್ಕೆ ಮೈ ಕೊಟ್ಟು ನಿಂತಳು, ಇನ್ನಷ್ಟು ಹೊಡೆಸಿಕೊಂಡಳು, ಒಂದು ಫೋಟೋಕ್ಕೆ ನಕ್ಕಳು ಕೂಡ.

ಅಮ್ಮ ಕೊನೆಯ ಮೊಟ್ಟೆಯನ್ನು ತಾನೇ ಹೊಡೆಯಬೇಕೆಂದು ಇಟ್ಟುಕೊಂಡಿದ್ದಳು. ಹತ್ತಿರ ಬಂದು, ನೋವಾಗದ ಹಾಗೆ, ನೆತ್ತಿಯ ಮೇಲೆ ಮೆಲ್ಲಗೆ ಒಡೆದು ಕೈಯಿಂದ ಸವರಿದಳು, ಚಿಕ್ಕವಳಿದ್ದಾಗ ಎಣ್ಣೆ ಹಚ್ಚುತ್ತಿದ್ದ ಹಾಗೆ. ಅಮ್ಮನ ಕಣ್ಣಿನಲ್ಲಿ ನೀರಿತ್ತು. ಅದನ್ನು ನೋಡಿ ಯಾನಿನಾಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ನಂದು ಆಗ್ಲಿಲ್ಲ."

"ಏನಾಗ್ಲಿಲ್ಲ?"

"ಪಾಸಾಗ್ಲಿಲ್ಲ. ಅವನೊಬ್ಬನೇ ಆಗಿದ್ದು."

ಅಮ್ಮನ ಕೈ ಅವಳ ತಲೆಯ ಮೇಲೇ ನಿಂತಿತು. ಸುತ್ತ ಬಕೆಟ್ಟು ಬಾರಿಸುತ್ತಲೇ ಇದ್ದರು. "ಹಾಗಾದ್ರೆ ಇಷ್ಟೊತ್ತು ಯಾಕೆ ಸುಮ್ನೆ ನಿಂತ್ಕೊಂಡು ಹೊಡಿಸ್ಕೊಂಡೆ?" ಎಂದಳು. ಬೈಗುಳವಾಗಿರಲಿಲ್ಲ ಅದು, ನಿಜವಾಗಿ ತಿಳಿಯದೆ ಕೇಳಿದ್ದು. ಅಮ್ಮ ತಾನು ಹೊದ್ದಿದ್ದ ತೆಳ್ಳನೆಯ ಶಾಲನ್ನು ತೆಗೆದು ಮಗಳ ಹರಿದ ಅಂಗಿಯ ಮೇಲೆ ಹೊದೆಸಿ, "ಹೋಗು, ತೊಳ್ಕೊಂಡ್ ಬಾ. ಮನೆ ಕಡೆ ಹೋಗೋಣ" ಎಂದು ಚಿಕ್ಕಮ್ಮನನ್ನು ಕರೆಯಲು ಹೋದಳು.

ಕಟ್ಟಡದ ಹಿಂದೆ ತೋಟಕ್ಕೆ ನೀರು ಬಿಡುವ ನಲ್ಲಿ ಇತ್ತು. ಅವಳು ಬಗ್ಗಿ ತಲೆಗೆ ನೀರು ಬಿಟ್ಟುಕೊಂಡಳು. ಮೈದಾ ಮೊಟ್ಟೆಯ ಜೊತೆ ಸೇರಿ ಹಿಟ್ಟಾಗಿ ಕೂದಲಿಗೆ ಕಚ್ಚಿಕೊಂಡಿತ್ತು, ಹೋಗಲೊಲ್ಲದು. ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗದೆಯೇ ನಸರೇನೊ ಎಂದು ಗೊತ್ತಾಯಿತು. ಕ್ಷಮಿಸು ಎನ್ನುತ್ತಾನೆ, ಅಂದರೆ ಏನು ಹೇಳಲಿ ಎಂದು ಯೋಚಿಸಿದಳು. ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡಳು. ಅಂದರೆ ಸಾಕಿತ್ತು, ಅರ್ಧ ಕ್ಷಮಿಸಿಯೇ ಬಿಡುತ್ತಿದ್ದಳು.

"ಸಣಕಲೀ," ಎಂದ ಅವನು. "ಬೇಜಾರಾ?"

ಅವಳು ಕೂದಲು ಹಿಂಡಿಕೊಂಡಳು.

"ಅವ್ರು ಹಾಗೆ ಕೇಳ್ತಾರೆ ಅಂತ ನಂಗೇನು ಗೊತ್ತಿತ್ತು ಹೇಳು. ನೀನೂ ಏನಾದ್ರೂ ಮಾತಾಡ್ಬೇಕಿತ್ತು." ಹತ್ತಿರ ಬಂದು ದನಿ ತಗ್ಗಿಸಿದ. "ಏಯ್, ಬೋರ್ಡ್ ಮುಂದೆ ನಿಂತಾಗ ನಿನ್ನ ಮುಖ ನೋಡ್ದೆ ನಾನು. ಆ ಮುಖ ಗೊತ್ತು ನಂಗೆ. ಏನೋ ಸಿಕ್ತಲ್ವಾ?"

ನೀರು ಸುರಿಯುತ್ತಲೇ ಇತ್ತು.

"ಸೋಮವಾರದೊಳಗೆ ಅವ್ರಿಗೆ ಕಳಿಸ್ಬೇಕು ಕಣೇ. ಅಲ್ಲಿ ಅವ್ರ ಗುಂಪಿನವರೆಲ್ಲ ಕೂತು ಓದ್ತಾರಂತೆ, ಆಮೇಲೇನೇ ಜಾಗ ಖಾತ್ರಿ. ಎಲ್ಲಿದೆ ಹೇಳು. ಇದೊಂದ್ಸಲ."

ಯಾನಿನಾ ತಲೆ ಎತ್ತಿ ಅವನನ್ನು ನೋಡಿದಳು. ಹುಬ್ಬು, ರೆಪ್ಪೆಯೆಲ್ಲ ಬಿಳಿಯಾಗಿ ಅವನು ಮುದುಕನಂತೆ ಕಂಡ. ಅವನ ಮೇಲೆ ಹುಟ್ಟಿದ್ದು ದ್ವೇಷವಲ್ಲ ಎಂಬುದೇ ಅವಳಿಗೆ ಸಹಿಸಲಾಗಲಿಲ್ಲ. ಆ ಜರುಗಿದ ಸಾಲು, ಮೇಲೆತ್ತಿದ ಆ ಕೈ ಅವಳ ಕಣ್ಣ ಮುಂದೆಯೇ ಇತ್ತು. ಹೇಳಿಬಿಡಲು ನಾಲಿಗೆ ತುದಿಗೆ ಬಂದಿತ್ತು, ಹತ್ತು ವರ್ಷದ ಅಭ್ಯಾಸ.

"ಏನೂ ಸಿಗ್ಲಿಲ್ಲ," ಎಂದಳು.

"ನಿಜವಾಗ್ಲೂ?"

"ಎಲ್ಲಾ ಸರಿಯಾಗಿದೆ. ಹಾಗೇ ಕಳ್ಸು."

ಅವನು ಉಸಿರು ಬಿಟ್ಟ. ಮುಖದ ಮೇಲಿನ ಹಿಟ್ಟು ಬಿರುಕು ಬಿಡುವಷ್ಟು ನಕ್ಕ. "ಹಂಗಾದ್ರೆ ನಿಶ್ಚಿಂತೆ ಕಣೇ. ನೀನು ಸರಿ ಅಂದ್ಮೇಲೆ ಇನ್ಯಾರು ನೋಡಿದ್ರೂ ಏನೂ ಸಿಗಲ್ಲ. ನೀನಿಲ್ದೇ ಇದ್ರೆ ಇದ್ಯಾವುದೂ ನನ್ನ ಕೈಲಿ ಆಗ್ತಿರ್ಲಿಲ್ಲ," ಎಂದು ಬಗ್ಗಿ ತಲೆಯನ್ನು ನಲ್ಲಿಯ ಕೆಳಗೆ ಒಡ್ಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಬಂದಿತ್ತು, ಕೇಳಿಸಿಕೊಳ್ಳಲು ಅಲ್ಲಿ ಅವಳ ಹೊರತು ಯಾರೂ ಇರಲಿಲ್ಲ.